ಮಗ್ಗದ ಕುಣಿಯೊಳಗಿನ ಮುಟ್ಟುಗಂಬ

ದಿವಾಕರ ಸಾಹೇಬರು ಕೂಗಿದ್ದು ಸುಳ್ಳಲ್ಲ. ಮೂರು ಸಲ ಕೂಗಿದರು, ಗಂಟಲು ಬಿಟ್ಟು ಕೂಗಿದರು, ನಮ್ಮೂರ ಪದ್ಧತಿಯಂತೆ "ಇಲ್ಲಿ ಯಾರಿದ್ದೀರಿ?" ಎಂದೇ ಕೂಗಿದರು. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಎಲ್ಲಿ ನಿಂತು ಕೂಗಿದರು ಅಂತ ಕೇಳಿ. ಅದನ್ನು ಹೇಳಲು ಹೊರಟರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮೂರಿಗೆ ಒಂದು ಪಡಿಯೂರಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡರೆ ಪಡಿಯೂರು, ಬಿಚ್ಚಿದರೆ ನಮ್ಮೂರು. ಅಲ್ಲಿ ಧೂಳಿಲ್ಲ, ಗಟಾರವಿಲ್ಲ, ಹಂದಿಯಿಲ್ಲ, ನೀರಿನ ಜಗಳವಿಲ್ಲ. ದೂರದ ದೇಶಗಳ ಜನ ತಮ್ಮ ತಮ್ಮ ಮನೆಗಳಲ್ಲಿ ಕೂತು ಪಟ್ಟಿ ಕಟ್ಟಿಕೊಂಡು ಅಲ್ಲಿ ಅಡ್ಡಾಡಿ ಹೋಗುತ್ತಾರೆ. ಅಡ್ಡಾಡಲಿ, ಬೇಡವೆಂದವರು ಯಾರು! ತೊಂದರೆ ಏನೆಂದರೆ, ಅಲ್ಲಿ ನಿಲ್ಲಿಸಿದ್ದು ಇಲ್ಲಿ ನಮಗೆ ಅಡ್ಡ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹಣೆಗೆ ತಾಗುತ್ತದೆ. ಬಸ್ ನಿಲ್ದಾಣದ ಎದುರು ಪಡಿಯೂರಿನಲ್ಲಿ ಒಂದು ಕಾರಂಜಿ ಕಟ್ಟಿದ್ದಾರೆ. ಇಲ್ಲಿ ನಾವು ಬರೀ ಬಯಲನ್ನು ಸುತ್ತುಹಾಕಿಕೊಂಡು ಬಸ್ಸು ಹತ್ತುತ್ತೇವೆ. ಆ ಬಯಲಿನ ಹುಲ್ಲಿಗೆ ಮೇಕೆ ಕೂಡ ಬಾಯಿ ಹಾಕಲಾರದು. ಪೇರಲ ಹಣ್ಣು ಮಾರುವ ಹುಚ್ಚೀರಪ್ಪ ಕಾಣದ ಯಾವುದೋ ಪ್ರತಿಮೆಯ ಕಾಲಿಗೆ ಬೆನ್ನು ಆನಿಸಿ ಕೂರುತ್ತಾನೆ. ಕಾಗೆಗಳು ರೆಕ್ಕೆ ಬಡಿಯದೆ ಗಾಳಿಯಲ್ಲಿ ಕೂತಿರುತ್ತವೆ. ನಾವಂತೂ ಒಂದು ಕೈ ಮುಂದೆ ಚಾಚಿಕೊಂಡು ನಡೆಯುವುದನ್ನು ಕಲಿತು ಯಾವ ಕಾಲವಾಯಿತೋ. ಆದರೆ ನಮ್ಮ ಮನೆ, ನಮ್ಮ ಗೋಡೆ, ನಮ್ಮ ಎಮ್ಮೆ, ಇವು ಯಾವುವೂ ಅಲ್ಲಿಯವರಿಗೆ ಅಡ್ಡ ಬರುವುದಿಲ್ಲ. ಅವರು ನಮ್ಮ ಅಡುಗೆಮನೆಯ ಒಳಗಿಂದಲೇ ಹಾಯ್ದು ಹೋಗುತ್ತಾರೆ, ಅವರಿಗೆ ಗೊತ್ತೇ ಆಗುವುದಿಲ್ಲ.

ಅದಕ್ಕೇ ಹಿಂದಿನವರು ಕೂಗು ಮಾಡಿದ್ದು. ಪಡಿಯೂರಿನಲ್ಲಿ ಏನನ್ನೇ ನಿಲ್ಲಿಸುವ ಮೊದಲು, ಆ ಜಾಗಕ್ಕೆ ಸರಿಯಾಗಿ ನಮ್ಮೂರಿನಲ್ಲಿ ಬಂದು ನಿಂತು ಮೂರು ಸಲ ಕೂಗಬೇಕು. ಜಾಗ ಯಾರದೋ ಅವರು "ನಾನಿದ್ದೀನಿ" ಎಂದು ಓಗೊಟ್ಟರೆ ಅಲ್ಲಿಗೆ ಮುಗಿಯಿತು, ಅಲ್ಲಿ ಒಂದು ಗೂಟವನ್ನೂ ನೆಡುವ ಹಾಗಿಲ್ಲ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಓಗೊಡುವ ಹಾಗಿಲ್ಲ. ಮೂರಕ್ಕೂ ಉತ್ತರ ಬರದಿದ್ದರೆ ಖಾಲಿ ಜಾಗವೆಂದೇ ಅರ್ಥ. ಕಚೇರಿಯವರೂ ಒಪ್ಪಿಕೊಂಡ ಪದ್ಧತಿ ಇದು. ಕೂಗುವುದು ಪಡಿಯೂರು ಕಚೇರಿಯ ಸಾಹೇಬರ ಕೆಲಸ, ನಿಲ್ಲಿಸುವುದು ನನ್ನ ಕೆಲಸ.

ನಾನು ನಿಲ್ಲಿಸುವುದು ಕಿಯೋಸ್ಕುಗಳನ್ನು. ನಮ್ಮ ಜನರ ಬಾಯಲ್ಲಿ ಅವು ಮುಟ್ಟುಗಂಬಗಳು. ಎದೆಯೆತ್ತರದ ಕಂಬ, ಮೇಲೊಂದು ತೆರೆ. ಪ್ರವಾಸಿ ಬಂದು ಮುಟ್ಟಿದರೆ ಚಿತ್ರ ತೋರಿಸುತ್ತದೆ, ಕೇಳಿದರೆ ಉತ್ತರ ಹೇಳುತ್ತದೆ. ಮೊದಲು ಮೊಣಕಾಲುದ್ದದ ಬುಡ ಇಳಿಸಬೇಕು, ಮೇಲೆ ಕಂಬ ಎಬ್ಬಿಸಬೇಕು, ತೆರೆ ಕೂರಿಸಬೇಕು, ಚಿತ್ರ ತುಂಬಬೇಕು, ಬಾಯಿ ಕೊಡಬೇಕು, ಕಿವಿ ಕೊಡಬೇಕು. ಕಿವಿಗೆ ಬಿದ್ದದ್ದನ್ನು ಕಂಬ ದೊಡ್ಡ ದನಿಯಲ್ಲಿ ಸುತ್ತಲಿನವರಿಗೆಲ್ಲ ಕೇಳಿಸುತ್ತದೆ, ಮುಂದೆ ನಿಂತವನ ಪ್ರಶ್ನೆ ಹಿಂದೆ ನಿಂತವನಿಗೂ ತಿಳಿಯಲಿ ಎಂದು. ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಅದನ್ನು ಗಟ್ಟಿ ಮಾಡಬೇಕು. ಗಟ್ಟಿ ಮಾಡುವ ತನಕ ಅದು ಹೊಗೆ, ಪ್ರವಾಸಿಯ ಕೈ ಒಳಗೇ ತೂರಿಹೋಗುತ್ತದೆ. ಗಟ್ಟಿ ಮಾಡಿದರೆ ಅಲ್ಲಿ ಮುಟ್ಟಲು ಬರುತ್ತದೆ, ಇಲ್ಲಿ ಎಡವಲು ಬರುತ್ತದೆ.

ಹೊಸದಾಗಿ ಬಂದ ದಿವಾಕರ ಸಾಹೇಬರಿಗೆ ಮುಟ್ಟುಗಂಬಗಳೆಂದರೆ ಪ್ರಾಣ. ಬಂದವರೇ ಊರಿನ ಹೆಮ್ಮೆಗಳಿಗೆಲ್ಲ ಒಂದೊಂದು ಕಂಬ ಅಂದರು. ನಮ್ಮ ಬೆಲ್ಲಕ್ಕೆ ಒಂದು, ಕುಸ್ತಿಗೆ ಒಂದು, ಮಲ್ಲಿಗೆಗೆ ಒಂದು, ನೇಯ್ಗೆಗೆ ಒಂದು. ನೇಯ್ಗೆಯ ಕಂಬಕ್ಕೆ ಪಡಿಯೂರಿನ ಒಂದು ಹುಲ್ಲುಹಾಸಿನ ನಟ್ಟನಡುವೆ ಸುಣ್ಣದ ಗುರುತು ಹಾಕಿಟ್ಟು, "ಕೂಗಿ ಆಗಿದೆ ತುಂಗಮ್ಮ, ಯಾರೂ ಇಲ್ಲ, ನಿಲ್ಲಿಸಿ" ಅಂದರು. ಸಾಹೇಬರ ಮಾತು, ನಿಲ್ಲಿಸಿದೆ. ಒಳ್ಳೆಯ ಕಂಬ ಅದು, ನನ್ನ ಕೆಲಸಕ್ಕೆ ನಾನೇ ಹೆಸರಿಡಲಾರೆ.

ಮರುದಿನ ಬೆಳಿಗ್ಗೆ ನಾನು ಚಹಾ ಸೋಸುತ್ತಿದ್ದೆ. ನೇಕಾರರ ಓಣಿಯ ನೀಲವ್ವ ಬಾಗಿಲಿಗೆ ಬಂದು ನಿಂತಳು. ಓಣಿಯಲ್ಲಿ ಇನ್ನೂ ಕುಣಿಮಗ್ಗದ ಮೇಲೆ ಕೂತು ಸೀರೆ ನೇಯುವವಳು ಅವಳೊಬ್ಬಳೇ. ಮಾತು ಕಡಿಮೆಯ ಹೆಂಗಸು. ಒಳಗೆ ಬಾ ಅಂದರೂ ಬರದೆ ಹೊಸ್ತಿಲಾಚೆಯೇ ನಿಂತಿದ್ದಳು.

"ಏನಾತವಾ?" ಅಂದೆ.

"ತುಂಗಕ್ಕಾ, ಮಗ್ಗದ ಕುಣಿಯಾಗ ಕಾಲ ಇಳಿವಲ್ದು. ಏನೋ ಅಡ್ಡ ಐತಿ. ನೀ ಬಂದು ನೋಡಿದ್ರ ತಿಳೀತೈತಿ."

ಹೋದೆ. ಒಂದೇ ಕೋಣೆಯ ಮನೆ, ಮುಕ್ಕಾಲು ಪಾಲು ಮಗ್ಗವೇ. ನೆಲದಲ್ಲಿ ಕಾಲಿಳಿಬಿಡುವ ಕುಣಿ, ಕುಣಿಯ ತಳದಲ್ಲಿ ತುಳಿಯುವ ಹಲಗೆ, ಎದುರಿಗೆ ಬಿಗಿದ ಉದ್ದೆಳೆಗಳ ಹಾಸು, ಅದರ ಮೇಲೆ ಗೇಣುದ್ದ ನೇಯ್ದು ನಿಂತ ಹಸಿರು ಸೀರೆ. ನಾನು ಕುಣಿಯೊಳಗೆ ಕೈ ಇಳಿಸಿದೆ. ತಣ್ಣಗೆ, ನುಣ್ಣಗೆ, ಚೌಕಾಕಾರ. ಕೈಯನ್ನು ಮೇಲಕ್ಕೆ ತಂದೆ. ಎದೆಯೆತ್ತರಕ್ಕೆ ಬಂದಾಗ ಓರೆಯಾದ ತೆರೆ ತಾಗಿತು. ಆ ಅಂಚುಗಳನ್ನು ಉಜ್ಜಿ ನಯ ಮಾಡಿದವಳು ನಾನೇ, ನನಗೆ ಗೊತ್ತಾಗದೇ ಇರುತ್ತದೆಯೇ? ಅಷ್ಟರಲ್ಲಿ ನೀಲವ್ವನ ಬೆಕ್ಕು ನೆಗೆದು ಅದರ ತಲೆಯ ಮೇಲೆ ಕೂತು ಮೈ ನೆಕ್ಕತೊಡಗಿತು, ಬರೀ ಗಾಳಿಯಲ್ಲಿ.

ಪಡಿಯೂರಿನಲ್ಲಿ ನೇಕಾರರ ಓಣಿಯನ್ನು ಬರೆದೇ ಇಲ್ಲ. ಬರೆಯುವವರಿಗೆ ಅದು ಚೆಂದ ಕಾಣಲಿಲ್ಲವಂತೆ, ಆ ಜಾಗದಲ್ಲಿ ಹುಲ್ಲು ಹಾಸಿಬಿಟ್ಟಿದ್ದಾರೆ. ಆ ಹುಲ್ಲುಹಾಸು ಇವರ ಮನೆಗಳ ಮೇಲೆ ಬರುತ್ತದೆ ಎಂಬುದು ಅಲ್ಲಿ ನಿಂತವರಿಗೆ ಹೇಗೆ ತಿಳಿಯಬೇಕು? ತಿಳಿಯಲಿ ಎಂದೇ ಅಲ್ಲವೇ ಕೂಗು ಇರುವುದು?

"ಸಾಹೇಬ್ರು ಬಂದು ಕೂಗಲಿಲ್ಲೇನು?" ಎಂದು ಕೇಳಿದೆ.

"ಯಾರೂ ಬಂದಿಲ್ಲಕ್ಕ. ನಾ ಎಲ್ಲಿ ಹೋಗ್ತೀನಿ? ದಿನಾ ಇಲ್ಲೇ ಇರ್ತೀನಿ."

ಅವಳು ಅಷ್ಟು ಹೇಳುವುದರೊಳಗೆ ಯಾವ ದೇಶದ ಯಾವ ಪುಣ್ಯಾತ್ಮನೋ ಅಲ್ಲಿ ಕಂಬವನ್ನು ಮುಟ್ಟಿದ. ಕೋಣೆಯ ನಡುವಿನಿಂದ ನಾನೇ ತುಂಬಿದ ಇಂಪಾದ ಹೆಣ್ಣು ದನಿ ಎದ್ದಿತು: "ನಮಸ್ಕಾರ! ಶತಮಾನಗಳಿಂದ ನಿಲ್ಲದೆ ನಡೆದುಬಂದಿರುವ ನಮ್ಮ ಊರಿನ ನೇಯ್ಗೆಗೆ ಸ್ವಾಗತ!" ಹಿಂದೆಯೇ ಮಗ್ಗದ ಸದ್ದು, ಲಾಳಿ ಓಡುವ ಸದ್ದು. ನಿಂತುಹೋದ ಮಗ್ಗದ ಎದುರು ಕೂತು ನೀಲವ್ವ ಅದನ್ನು ಕೇಳುತ್ತಿದ್ದಳು. ನನಗೆ ಅಲ್ಲೇ ಪಿತ್ತ ನೆತ್ತಿಗೇರಿತು.

ಕಂಬ ಬೇರೆ ಕಡೆ ಬಂದಿದ್ದರೆ ಸರಿದು ಕೂರಬಹುದಿತ್ತು. ಕುಣಿಮಗ್ಗವನ್ನು ಎಲ್ಲಿಗೆ ಸರಿಸುತ್ತೀರಿ? ಅದು ನೆಲದಲ್ಲಿ ತೋಡಿದ್ದು, ಮನೆಯೊಳಗೇ ಹೂತದ್ದು. ಹಾಸು ಹಾಗೇ ಬಿಗಿದು ನಿಂತರೆ ಗಂಜಿ ಬಿಟ್ಟು ಎಳೆ ಸಡಿಲವಾಗುತ್ತದೆ, ಇಲಿ ಬಾಯಿ ಹಾಕುತ್ತದೆ, ಆಮೇಲೆ ಆ ಸೀರೆ ಸೀರೆಯಾಗುವುದಿಲ್ಲ. ನೀಲವ್ವನಿಗೆ ಬೇರೆ ಕೆಲಸ ಬರುವುದಿಲ್ಲ, ಬರುವುದೂ ಬೇಡ. ಮಗ್ಗ ಹೋದರೆ ಅವಳ ಅನ್ನ ಹೋಯಿತು, ಓಣಿಯ ಕೊನೆಯ ಸದ್ದೂ ಹೋಯಿತು.

ನಿಲ್ಲಿಸಿದ ಕಂಬವನ್ನು ಸಾಹೇಬರ ಅಪ್ಪಣೆಯಿಲ್ಲದೆ ನಾನು ಎತ್ತುವ ಹಾಗಿಲ್ಲ, ನೇರ ಕಚೇರಿಗೆ ಹೋದೆ. ಸಾಹೇಬರ ಕುರ್ಚಿ ಖಾಲಿ. ದೊಡ್ಡ ಕುರ್ಚಿ, ಬೆನ್ನಿಗೆ ಬಿಳಿ ಟವೆಲ್ಲು, ಎದುರು ಗಾಜು ಹಾಸಿದ ಮೇಜು. ಜವಾನ ಮಲ್ಲೇಶಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ.

"ಸಾಹೇಬ್ರು ಇಲ್ಲ ಬಿಡ್ರಿ ಅಕ್ಕಾರ" ಅಂದ.

"ಯಾವಾಗ ಬರ್ತಾರ?"

"ಅದನ್ನ ಕೇಳಬ್ಯಾಡ್ರಿ. ಅವ್ರು ಈ ಕುರ್ಚಿ ಮ್ಯಾಲ ಕುಂತದ್ದು ನಾ ಸರಿಯಾಗಿ ನೋಡೇ ಇಲ್ಲ. ಮನಿಯಾಗ ಪಟ್ಟಿ ಕಟ್ಗೊಂಡು ಪಡಿಯೂರಾಗ ಇರ್ತಾರ."

ಮರುದಿನ ಹೋದೆ, ಅದರ ಮರುದಿನ ಹೋದೆ. ಟವೆಲ್ಲಿನ ಮಡಿಕೆ ಕೂಡ ಮುರಿದಿರಲಿಲ್ಲ. ಕೊನೆಗೆ ನಾನೂ ಪಟ್ಟಿ ಕಟ್ಟಿಕೊಂಡು ಪಡಿಯೂರಿಗೇ ಹೋದೆ. ಅಲ್ಲಿ ಸಾಹೇಬರು ಕಾರಂಜಿಯ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ಪ್ರವಾಸಿಗಳಿಗೆ ಮುಗುಳ್ನಗೆ ಹಂಚುತ್ತಿದ್ದರು. ವಿಷಯ ಹೇಳಿದೆ.

"ಅಲ್ರೀ ತುಂಗಮ್ಮ, ನಾನು ನಿಯಮದ ಪ್ರಕಾರ ಕೂಗಿದ್ದೀನಲ್ಲ. ಮೂರು ಸಲ. ಯಾರೂ ಓಗೊಡಲಿಲ್ಲ."

"ಎಲ್ಲಿ ನಿಂತು ಕೂಗಿದ್ರಿ ಸಾಹೇಬ್ರ?"

"ಎಲ್ಲಿ ಅಂದ್ರೆ? ಅಲ್ಲೇ, ಆ ಹುಲ್ಲಿನ ಮೇಲೆ."

ಈ ಮನುಷ್ಯ ಪಡಿಯೂರಿನಲ್ಲಿ ನಿಂತು ಕೂಗಿದ್ದ! ಒಬ್ಬ ನರಪಿಳ್ಳೆಯೂ ಬದುಕದ ಊರಿನಲ್ಲಿ, ಹುಲ್ಲಿಗೆ ಮುಖ ಮಾಡಿ, ಇಲ್ಲಿ ಯಾರಿದ್ದೀರಿ ಎಂದು ಕೇಳಿ, ಯಾರೂ ಇಲ್ಲ ಎಂದು ಸುಣ್ಣ ಹಾಕಿದ್ದ. ಹುಲ್ಲು ಓಗೊಡುತ್ತದೆಯೇ? ಕಲ್ಲು ಓಗೊಡುತ್ತದೆಯೇ?

"ನಮ್ಮೂರಾಗ ಬಂದು ಕೂಗಬೇಕ್ರೀ!" ಅಂದೆ. ದನಿ ಏರಿಹೋಗಿತ್ತು.

"ಕಂಬ ಇರೋದು ಇಲ್ಲಿ, ಕೂಗು ಅಲ್ಲಿ ಯಾಕೆ? ನೀವು ಹಳೇ ಕಾಲದವರು, ಅದನ್ನೆಲ್ಲ ತುಂಬ ಹಚ್ಚಿಕೊಳ್ತೀರಿ. ನಾಡಿದ್ದು ಉದ್ಘಾಟನೆ. ಅದು ಮುಗೀಲಿ, ನೋಡೋಣ." ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿ ಅವರು ಇನ್ನೊಬ್ಬ ಪ್ರವಾಸಿಯತ್ತ ನಗುತ್ತ ತಿರುಗಿದರು.

ಓಣಿಗೆ ಬಂದು ನೋಡಿದರೆ ನೀಲವ್ವ ಕಂಬದ ತಲೆಗೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದು ಬಟ್ಟೆ ಒಣಹಾಕಿದ್ದಳು. ನಮ್ಮ ಜನವೇ ಹಾಗೆ. ತಲೆಯ ಮೇಲೆ ಕಂಬ ಬಿದ್ದರೂ ಅದಕ್ಕೊಂದು ಉಪಯೋಗ ಹುಡುಕುತ್ತಾರೆ. ನನಗೆ ಆ ಹಗ್ಗವನ್ನು ನೋಡಿ ಅವಳ ಮೇಲೂ ಸಿಟ್ಟು ಬಂತು.

"ಏ ನೀಲವ್ವಾ, ಬಟ್ಟಿ ಒಣಾಕಿ ಕುಂತ್ರ ನಾಳೆ ಇದು ನಿನ್ನ ಕಂಬ ಆಗ್ತೈತಿ. ಉದ್ಘಾಟನೆ ದಿನ ಮಗ್ಗದ ಹತ್ರನ ಇರು. ಸಾಹೇಬ್ರು ಕಂಬದ ಮುಂದ ಏನ ಕೇಳಿದ್ರೂ ಬಾಯಿ ತೆಗಿ. ಕಂಬಕ್ಕ ಕಿವಿ ಕೊಟ್ಟೀನಿ, ನಿನ್ನ ಮಾತು ಅಲ್ಲಿ ಕೇಳಸ್ತೈತಿ."

"ನನ್ನ ಮಾತು ಅಲ್ಲಿ ಯಾರು ಕೇಳ್ತಾರಕ್ಕ?"

"ಕೇಳಲೇಬೇಕು. ನೀ ಬಾಯಿ ತೆಗಿ."

ಉದ್ಘಾಟನೆಯ ದಿನ ಪಡಿಯೂರಿನ ಹುಲ್ಲುಹಾಸಿನ ಮೇಲೆ ದೊಡ್ಡ ಗುಂಪು ಸೇರಿತ್ತು. ನಾನು ಪಟ್ಟಿ ಕಟ್ಟಿಕೊಂಡು ಕಂಬದ ಹಿಂದೆ ನಿಂತಿದ್ದೆ. ಸಾಹೇಬರು ಬಣ್ಣದ ರಿಬ್ಬನ್ನು ಕತ್ತರಿಸಿ, ಊರಿನ ನೇಯ್ಗೆಯ ಬಗ್ಗೆ ಕಣ್ಣೀರು ಬರುವ ಹಾಗೆ ಮಾತಾಡಿದರು. ನೇಕಾರರ ಕೈಗಳೇ ನಮ್ಮ ಊರಿನ ಆಸ್ತಿ ಅಂದರು. ಆ ಮಾತಿನ ಹುರುಪಿನಲ್ಲಿಯೇ, "ನಮ್ಮಲ್ಲಿ ಒಂದು ಸುಂದರ ಪದ್ಧತಿ ಇದೆ, ನೋಡಿ" ಎಂದು ಕಂಬದ ಕಡೆ ಬಾಗಿ, ನಾಟಕದವರಂತೆ ಕೈಯೆತ್ತಿ ಕೂಗಿದರು: "ಇಲ್ಲಿ ಯಾರಿದ್ದೀರಿ?"

ಕಂಬದೊಳಗಿಂದ ನೀಲವ್ವನ ದನಿ ಬಂತು, ಒರಟಾಗಿ, ಹತ್ತು ಪಟ್ಟು ದೊಡ್ಡದಾಗಿ.

"ನಾನಿದ್ದೀನಿ. ನೀಲವ್ವ ಅದೀನಿ. ಇದು ನನ್ನ ಮನಿ. ನನ್ನ ಮಗ್ಗದಾಗ ನಿಮ್ಮ ಕಂಬ ಐತಿ. ತೆಗೀರಿ."

ಇನ್ನು ಸಾಹೇಬರ ಮುಖ ಇಳಿಯುತ್ತದೆ, ಜನ ಛೀ ಥೂ ಅನ್ನುತ್ತಾರೆ ಎಂದು ನಾನು ಕಾದೆ. ಏನಾಯಿತು ಗೊತ್ತೇ? ಚಪ್ಪಾಳೆ! ಆ ಗುಂಪೆಲ್ಲ ಕೈ ನೋಯುವ ಹಾಗೆ ಚಪ್ಪಾಳೆ ತಟ್ಟಿತು. "ಎಷ್ಟು ಸಹಜವಾಗಿದೆ" ಅಂದರು, "ನಿಜವಾದ ಹೆಂಗಸಿನ ಹಾಗೇ ಇದೆ" ಅಂದರು. ಒಬ್ಬಾಕೆ ಮತ್ತೆ ತೆರೆ ಮುಟ್ಟಿ, ಇನ್ನೊಂದು ಸಲ ಹೇಳಿ ಅಂದಳು. ನೀಲವ್ವ, ಪಾಪ, ಇನ್ನೊಂದು ಸಲ ಹೇಳಿದಳು. ಮತ್ತೆ ಚಪ್ಪಾಳೆ. ನನಗೆ ಆ ಕಂಬಕ್ಕೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಜನ ಕರಗಿದ ಮೇಲೆ ಸಾಹೇಬರು ನನ್ನ ಕಡೆ ಬಂದರು. ಮುಖ ಹಿರಿಹಿರಿ ಹಿಗ್ಗಿತ್ತು.

"ಶಭಾಷ್ ತುಂಗಮ್ಮ, ಈ ದನಿಯ ಏರ್ಪಾಡು ಮಾಡಿದ್ದು ನನಗೆ ಹೇಳಲೇ ಇಲ್ಲ. ಜನರಿಗೆ ಬಹಳ ಹಿಡಿಸಿತು. ದಿನಾ ಇರಲಿ."

"ಅದು ಏರ್ಪಾಡಲ್ರೀ! ಆಕಿ ಓಗೊಟ್ಟಾಳ. ಎಲ್ಲರೂ ಕೇಳ್ಯಾರ. ಪದ್ಧತಿ ಪ್ರಕಾರ ಕಂಬ ತೆಗೀಬೇಕು."

"ನಿಲ್ಲಿಸೋಕೆ ಮುಂಚೆ ಓಗೊಟ್ಟಿದ್ದರೆ ಸರಿ. ಈಗ ಓಗೊಟ್ಟರೆ ಏನು ಬಂತು? ಇಷ್ಟು ಕಂಬ ನಿಲ್ಲಿಸಿದ್ದೀವಿ ಅಂತ ಮೇಲಿನವರಿಗೆ ಹೇಳಿಯಾಗಿದೆ, ಒಂದೂ ಕಡಿಮೆ ಆಗೋ ಹಾಗಿಲ್ಲ."

"ಹಂಗಾದ್ರ ಆಕಿ ಏನ ಉಣ್ಣಬೇಕ್ರೀ?"

ಅವರು ಗಡಿಯಾರ ನೋಡಿಕೊಂಡರು. ಪಕ್ಕದಲ್ಲಿ ಇನ್ನೂ ನಾಲ್ಕು ಜನ ಕಚೇರಿಯವರು ನಿಂತಿದ್ದರು. "ಅಷ್ಟು ಸಂಕಟ ಇದ್ದರೆ ಎಲ್ಲಾದರೂ ಖಾಲಿ ಜಾಗ ನೀವೇ ಹುಡುಕಿ, ನಿಮ್ಮ ಹಳೇ ಪದ್ಧತಿಯಲ್ಲೇ ಕೂಗಿ, ಎತ್ತಿ ಇಡಿ. ಯಾರೂ ಓಗೊಡದಿದ್ದರೆ ಸಾಕು. ಪ್ರತಿಯೊಂದಕ್ಕೂ ನನ್ನ ತಲೆ ತಿನ್ನಬೇಡಿ." ಹೀಗೆಂದು ಪಟ್ಟಿ ಬಿಚ್ಚಿ ಮಾಯವಾದರು.

ಸರಿ, ಹುಡುಕಲು ಹೊರಟೆ. ನಮ್ಮೂರಿನಲ್ಲಿ, ಧೂಳಿನಲ್ಲಿ, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು. ಸಂತೆಯ ಬಯಲಿನ ಮೂಲೆಯಲ್ಲಿ ನಿಂತು ಕೂಗಿದೆ. "ನಾನಿದ್ದೀನಬೇ, ಶನಿವಾರ ಶನಿವಾರ ಮೆಣಸಿನಕಾಯಿ ಅಂಗಡಿ ಹಚ್ತೀನಿ" ಎಂದು ಒಬ್ಬಳು ಎದ್ದು ನಿಂತಳು. ಹಳೆಯ ಗಿರಣಿಯ ಹಿಂದೆ ಕೂಗಿದೆ. ಅಲ್ಲಿ ಗೋಲಿಯಾಡುವ ಹುಡುಗರು ಒಟ್ಟಿಗೆ "ನಾವಿದ್ದೀವಿ" ಅಂದರು. ಕೆರೆಯ ದಂಡೆಯಲ್ಲಿ ಅಗಸರ ಕಲ್ಲು, ಗುಡ್ಡದ ಬುಡದಲ್ಲಿ ಕುರಿ ಹಟ್ಟಿ. ಯಾರೂ ಕಾಣದ ಕಡೆಯಲ್ಲಿ ಕೂಗಿದರೂ ಯಾರೋ ಒಬ್ಬರು ಇರುತ್ತಿದ್ದರು, ಮರದ ಹಿಂದಿನಿಂದ, ಗೋಡೆಯಾಚೆಯಿಂದ, ಸುಸ್ತಾದ ದನಿಯಲ್ಲೋ ಸಿಟ್ಟಿನಲ್ಲೋ ಓಗೊಡುತ್ತಿದ್ದರು. ಖಾಲಿ ಖಾಲಿ ಎಂದು ಬಾಯಿ ಬಡಿದುಕೊಳ್ಳುತ್ತಾರಲ್ಲ, ಬಂದು ಒಂದು ಸಲ ಕೂಗಿ ನೋಡಲಿ ಇವರು!

ಅಷ್ಟರಲ್ಲಿ ಹಾಸಿನ ಒಂದು ಅಂಚು ಸಡಿಲವಾಗತೊಡಗಿತ್ತು. ನೀಲವ್ವ ಎಳೆಗಳನ್ನು ಒಂದೊಂದಾಗಿ ಬೆರಳಿನಿಂದ ಬಿಗಿದು ಕಟ್ಟುತ್ತ ಕೂತಿದ್ದಳು. "ಬಿಡಕ್ಕ, ನೀನೂ ದಣೀತಿ. ಕತ್ತರಿಸಿ ತೆಗೀತೀನಿ" ಅಂದಳು. ಬಿಗಿದ ಹಾಸನ್ನು ಕತ್ತರಿಸುವ ಮಾತನ್ನು ನೇಕಾರರು ಸುಮ್ಮಸುಮ್ಮನೆ ಆಡುವುದಿಲ್ಲ. ಮನೆಯಲ್ಲಿ ಸಾವಾದಾಗ ಮಾತ್ರ ಹಾಗೆ ಮಾಡುವುದು. ನನಗೆ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಸಿಟ್ಟು ಬಂತು. "ಕತ್ತರಿ ಮುಟ್ಟಿದ್ರ ನೋಡು ಮತ್ತ" ಎಂದು ಗದರಿಸಿ, ಸಾಹೇಬರಿಗೆ ಇನ್ನೊಂದು ಸಲ ಮುಖಕ್ಕೆ ಮುಖ ಕೊಟ್ಟು ಕೇಳಿಯೇಬಿಡುತ್ತೇನೆಂದು ಕಚೇರಿಗೆ ನಡೆದೆ.

ಕುರ್ಚಿ ಖಾಲಿ. ಅದೇ ಟವೆಲ್ಲು, ಅದೇ ಮಡಿಕೆ. ಮೇಜಿನ ಗಾಜಿನ ಮೇಲೆ ಧೂಳು ಕೂತಿತ್ತು. ನಾನು ಬಾಗಿಲಲ್ಲಿ ನಿಂತು ಅದನ್ನೇ ನೋಡಿದೆ. ಎಷ್ಟು ಹೊತ್ತು ನೋಡಿದೆನೋ ತಿಳಿಯದು.

"ಏನ್ರಿ ಅಕ್ಕಾರ, ಹಂಗ್ಯಾಕ ನೋಡಾಕ್ಹತ್ತೀರಿ?" ಅಂದ ಮಲ್ಲೇಶಿ.

ನಾನು ಒಳಗೆ ಹೋಗಿ ಕುರ್ಚಿಯ ಮುಂದೆ ನಿಂತು, ಸೆರಗು ಸರಿ ಮಾಡಿಕೊಂಡು, ಗಂಟಲು ಬಿಟ್ಟು ಕೂಗಿದೆ.

"ಇಲ್ಲಿ ಯಾರಿದ್ದೀರಿ?"

ಫ್ಯಾನು ತಿರುಗುತ್ತಿತ್ತು. ಹೊರಗಿನ ಸಾಲಿನಲ್ಲಿ ಕೂತಿದ್ದ ಜನ ಕತ್ತು ಚಾಚಿದರು. ಎರಡನೆಯ ಸಲ ಕೂಗಿದೆ. ಮಲ್ಲೇಶಿ ಸ್ಟೂಲಿನಿಂದ ಎದ್ದು ಬಾಯಿ ತೆರೆದ. ನಾನು ಅವನ ಕಡೆ ತಿರುಗಿ, "ಇದು ನಿನ್ನ ಜಾಗೇನೋ ಮಲ್ಲೇಶಿ?" ಅಂದೆ. ಅವನು ಯೋಚನೆ ಮಾಡಿದ. ಆಮೇಲೆ ಮೀಸೆಯಡಿಯಲ್ಲಿ ನಕ್ಕು, "ನನ್ನ ಜಾಗಾ ಸ್ಟೂಲ್ರಿ" ಎಂದು ಮತ್ತೆ ಕೂತ. ಮೂರನೆಯ ಕೂಗಿಗೆ ಕಚೇರಿಯ ಕಿಟಕಿ ಬಾಗಿಲುಗಳೆಲ್ಲ ನಡುಗಿದವು. ಕುರ್ಚಿ ಓಗೊಡಲಿಲ್ಲ.

ಅಲ್ಲೇ ನೆಲದ ಮೇಲೆ ಕೂತು ಪಟ್ಟಿ ಕಟ್ಟಿಕೊಂಡು ಕೆಲಸ ಮಾಡಿದೆ. ಹುಲ್ಲುಹಾಸಿನಿಂದ ಬುಡ ಸಮೇತ ಎತ್ತಿದೆ. ಪಡಿಯೂರಿನಲ್ಲಿ ಈ ಜಾಗ ಒಂದು ಅಮೃತಶಿಲೆಯ ಅಂಗಳ, ಹಗಲೆಲ್ಲ ಪ್ರವಾಸಿಗಳು ನೆರೆಯುವ ಕಡೆ. ಇಲ್ಲಿ ಕುರ್ಚಿ ಎಲ್ಲಿತ್ತೋ ಅಲ್ಲಿ ಬುಡ ಇಳಿಸಿ, ಕಂಬ ಎಬ್ಬಿಸಿ, ತೆರೆ ಒರೆಸಿ, ಗಟ್ಟಿ ಮಾಡಿದೆ. ಕಿವಿಯನ್ನು ತೆಗೆಯಲಿಲ್ಲ.

ನಾನು ಓಣಿಗೆ ಬರುವಷ್ಟರಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ಬಟ್ಟೆಯ ಹಗ್ಗ ನೆಲಕ್ಕೆ ಬಿದ್ದಿತ್ತು, ಬೆಕ್ಕು ಮುನಿಸಿಕೊಂಡು ಒಲೆಯ ಹತ್ತಿರ ಕೂತಿತ್ತು. ನೀಲವ್ವ ಕುಣಿಯೊಳಗೆ ಎರಡೂ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಲಿಲ್ಲ, ತಲೆ ಮಾತ್ರ ಆಡಿಸಿದಳು. ನಾನೂ ನಿಲ್ಲಿಸಬೇಡ ಎಂದು ಕೈಯಾಡಿಸಿ ಹೊಸ್ತಿಲಿನ ಮೇಲೆ ಕೂತೆ.

ಸಾಹೇಬರಿಗೆ ಕುರ್ಚಿ ನೆನಪಾದದ್ದು ಮೇಲಿನವರು ತನಿಖೆಗೆ ಬರುತ್ತಾರೆಂದು ಸುದ್ದಿ ಬಂದಾಗ. ಓಡಿ ಬಂದು ಕೂರಲು ಹೋಗಿದ್ದಾರೆ, ಬೆನ್ನಿಗೆ ಏನೋ ಒತ್ತಿ ಮುಂದಕ್ಕೆ ನೂಕಿದೆ. ಮತ್ತೆ ಕೂರಲು ಹೋಗಿದ್ದಾರೆ, ಟವೆಲ್ಲು ಸಮೇತ ಜಾರಿ ನೆಲಕ್ಕೆ ಬಂದಿದ್ದಾರೆ. ಮಲ್ಲೇಶಿ ನನ್ನನ್ನು ಕರೆಯಲು ಬಂದಾಗ ನಗು ತಡೆದು ತಡೆದು ಅವನಿಗೆ ಬಿಕ್ಕಳಿಕೆ ಹತ್ತಿತ್ತು.

ನಾನು ಹೋದಾಗ ಸಾಹೇಬರು ಬೆವರಿ ಮುದ್ದೆಯಾಗಿದ್ದರು. "ಏನ್ರೀ ಇದು? ನನ್ನ ಕುರ್ಚಿ ಕಣ್ಣಿಗೆ ಕಾಣಲಿಲ್ವಾ?"

"ಕಂಡಿತ್ರಿ. ಕುರ್ಚಿ ಇತ್ತು, ನೀವು ಇರ್ಲಿಲ್ಲ. ನೀವ ಹೇಳಿದಂಗ ಮೂರು ಸಲ ಕೂಗೇನಿ, ಹೊರಗ ಸಾಲಿನ್ಯಾಗ ಕುಂತಿದ್ದ ಮಂದಿ ಎಲ್ಲ ಕೇಳ್ಯಾರ. ಯಾರೂ ಓಗೊಡ್ಲಿಲ್ಲ."

"ಈಗ ಇದ್ದೀನಲ್ಲ!" ಎಂದು ಅವರು ಮೇಜು ಗುದ್ದಿ ಅರಚಿದರು. "ನಾನಿದ್ದೀನಿ! ಇದು ನನ್ನ ಜಾಗ! ಕಂಬ ತೆಗೀರಿ! ನಾನಿದ್ದೀನಿ!"

ಆ ಅರಚಾಟವೆಲ್ಲ ಕಂಬದ ಕಿವಿಗೆ ಬಿತ್ತು. ಪಡಿಯೂರಿನ ಅಮೃತಶಿಲೆಯ ಅಂಗಳದಲ್ಲಿ ನೆರೆದಿದ್ದ ಪ್ರವಾಸಿಗಳು ತಟ್ಟಿದ ಚಪ್ಪಾಳೆ ಆ ಕೋಣೆಯ ನಡುವಿನಿಂದ ಎದ್ದು ನಮಗೆಲ್ಲ ಚೆನ್ನಾಗಿ ಕೇಳಿಸಿತು. ಯಾರೋ ಒಬ್ಬರು, ಇನ್ನೊಂದು ಸಲ ಹೇಳಿ ಅಂದರು.

"ಜನರಿಗೆ ಬಹಳ ಹಿಡಿಸೇತ್ರಿ ಸಾಹೇಬ್ರ" ಅಂದೆ. "ದಿನಾ ಇರ್ಲಿ."